ಮಾಳಗಿಯ ಮೇಲಿನ ಕರಿ

ದತ್ತ ಜಯಂತಿ ಹತ್ತಿರ ಬಂತೆಂದರೆ ಮಾಣಿಕನಗರದಲ್ಲಿಯೂ ಪಕ್ಕದ ಹುಮನಾಬಾದಿನಲ್ಲಿಯೂ ಸುಣ್ಣ-ಬಣ್ಣದ ಸಡಗರ. 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಗೆ ತೆಲಂಗಾಣ, ಮಹಾರಾಷ್ಟ್ರಗಳಿಂದ ಜನ ಬರುತ್ತಾರೆ. ಅವರಲ್ಲಿ ನಮ್ಮ ನೆಂಟರೂ ಇರುತ್ತಾರೆ. ನೆಂಟರು ಉಂಡು ಮಲಗುವುದು ಕೆಳಗೆ. ಆದರೂ ಮನೆಯೊಡೆಯನ ಚಿಂತೆಯೆಲ್ಲ ಮೇಲೆ, ಮಾಳಗಿಯದು. ಮಳೆಗಾಲ ಕಳೆದ ಸ್ಲ್ಯಾಬಿನ ಮೇಲೆ, ಪ್ಯಾರಾಪೆಟ್ಟಿನ ಗೋಡೆಗುಂಟ ಇಳಿದ ಕರಿ ಪಟ್ಟೆಗಳು ಅವನಿಗೆ ತನ್ನ ಮುಖಕ್ಕೇ ಬಳಿದ ಮಸಿಯಂತೆ ಕಾಣುತ್ತವೆ. "ಏನ್ರಿ ಕಾಕಾ, ನಿಮ್ಮ ಮನಿ ಹಿಂಗ್ಯಾಕ ಕರ್ರಗ ಆಗ್ಯಾದ?" ಎಂದು ಯಾರಾದರೂ ಕೇಳಿದರೆ ಮುಗಿಯಿತು. ಮರುದಿನ ಗೌಂಡಿಯ ಕೈಯಲ್ಲಿ ಆಸಿಡ್ ಬಾಟಲಿ.

ನನ್ನ ಜಗಳ ಈ ಬಾಟಲಿಯ ಸಂಗಡ.

ನಮ್ಮವರು ಇದನ್ನು ಬೂಷ್ಟು ಎನ್ನುತ್ತಾರೆ. ಹೊಗೆ ಎನ್ನುವವರೂ ಇದ್ದಾರೆ. ಬಹುಪಾಲು ಇದು ಹಾವಸೆಯೇ, ವಿಜ್ಞಾನಿಗಳು ನೀಲಿ-ಹಸಿರು ಪಾಚಿ ಎನ್ನುವ ಅತಿ ಪುರಾತನ ಜೀವಿ. ಹಸಿರು ಇರಬೇಕಾದದ್ದು ಕಪ್ಪಗೇಕೆ ಎಂದರೆ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಪಾರಾಗಲು ಅದು ತನ್ನ ಹೊದಿಕೆಯಲ್ಲಿ ಸೈಟೋನೆಮಿನ್ ಎಂಬ ಕಂದು ಬಣ್ಣದ ವಸ್ತುವನ್ನು ತುಂಬಿಕೊಂಡಿರುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಒಣಗಿ ಸತ್ತಂತೆ ಬಿದ್ದಿದ್ದು, ಮಿರಗದ ಮಳೆ ಬಿದ್ದೊಡನೆ ಮತ್ತೆ ಎದ್ದು ಕೂಡುತ್ತದೆ. ಒಡಿಶಾದ ಗುಡಿಗಳ ಕಲ್ಲು ಕಪ್ಪಾಗುವುದರಲ್ಲಿ ಇದೇ ಕುಲದವುಗಳ ಪಾಲಿದೆ. ಬಸವಕಲ್ಯಾಣದ ಕೋಟೆಯ ಗೋಡೆ ಕಪ್ಪಗಿದ್ದರೆ ನಾವು ಅದನ್ನು ಪ್ರಾಚೀನತೆ ಎಂದು ಹೊಗಳುತ್ತೇವೆ; ನಮ್ಮ ಪ್ಯಾರಾಪೆಟ್ಟು ಕಪ್ಪಗಾದರೆ ದಾರಿದ್ರ್ಯ!

ಇನ್ನು ಆಸಿಡ್ ಮಾಡುವ ಕೆಲಸ ನೋಡಿ. ಸಂಡಾಸು ತೊಳೆಯಲು ಮಾರುವ ಆ ಹೈಡ್ರೋಕ್ಲೋರಿಕ್ ಆಮ್ಲ ಪಾಚಿಯನ್ನು ಮಾತ್ರ ತಿನ್ನುವುದಿಲ್ಲ, ಸಿಮೆಂಟಿನೊಳಗಿನ ಸುಣ್ಣವನ್ನೂ ತಿನ್ನುತ್ತದೆ. ನೊರೆ ಎದ್ದದ್ದನ್ನು ಕಂಡು "ಹೊಲಸು ಕಿತ್ತು ಬಂತು" ಎಂದು ಖುಷಿಪಡುತ್ತೇವೆ. ಕಿತ್ತು ಬಂದದ್ದು ನಮ್ಮ ಸ್ಲ್ಯಾಬಿನ ಮೈ. ನುಣುಪಾಗಿದ್ದ ಮೈ ತರಕಲಾಗುತ್ತದೆ. ತರಕಲಿನಲ್ಲಿ ನೀರು, ಧೂಳು ನಿಲ್ಲುತ್ತವೆ. ಬರುವ ವರ್ಷ ಪಾಚಿ ಇಮ್ಮಡಿ. ಆಮ್ಲದೊಳಗಿನ ಕ್ಲೋರೈಡು ಬಿರುಕಿನಲ್ಲಿ ಇಳಿದು ಕಬ್ಬಿಣದ ಸರಳು ಮುಟ್ಟಿದರೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಒಳಗಿನ ಛತ್ತಿನಿಂದ ಸಿಮೆಂಟಿನ ಹಳಕು ಉದುರುತ್ತದೆ.

ಅದೂ ಹೋಗಲಿ, ಮನೆ ಹಾಳಾದರೆ ಮನೆಯೊಡೆಯನದು. ತೊಳೆಯುವವನ ಗತಿ ಏನು? ಬ್ಲೀಚಿಂಗ್ ಪೌಡರ್ ಚೆಲ್ಲಿ, ಅದು ಸಾಲಲಿಲ್ಲವೆಂದು ಅದರ ಮೇಲೆಯೇ ಆಸಿಡ್ ಸುರಿಯುವುದನ್ನು ಕಂಡಿದ್ದೇನೆ. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನರು ಶತ್ರು ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ನಮ್ಮಲ್ಲಿ ಬರಿಗಾಲಿನ ಹುಡುಗನೊಬ್ಬ ಬಾಯಿಗೆ ಟವೆಲು ಸುತ್ತಿಕೊಂಡು ಇದರ ನಡುವೆ ಪೊರಕೆ ಆಡಿಸುತ್ತಾನೆ. ಕೆಮ್ಮುತ್ತ ಕೆಳಗಿಳಿದರೆ "ಧೂಳಿಗೆ ಹಂಗಾಗ್ತದ, ನೀರು ಕುಡಿ" ಎನ್ನುತ್ತೇವೆ. ಒಂದು ದಿನದ ಕೂಲಿಗೆ ಅವನ ಪುಪ್ಪುಸವನ್ನೂ ಸೇರಿಸಿಯೇ ಕೊಂಡಿದ್ದೇವೆಯೇ?

ಹಾಗಾದರೆ ಕರಿ ಹಾಗೆಯೇ ಇರಲಿ ಎನ್ನುತ್ತೀರಾ ಎಂದು ಕೇಳುವವರುಂಟು. ಇಲ್ಲ. ಒದ್ದೆ ಹಾವಸೆಯ ಮೇಲೆ ಜಾರಿದರೆ ಸೊಂಟ ಮುರಿಯುತ್ತದೆ. ಕಪ್ಪು ಮಾಳಗಿ ಬೇಸಿಗೆಯಲ್ಲಿ ಬಿಸಿಲನ್ನು ಕುಡಿದು ಮನೆಯನ್ನು ಕುಲುಮೆ ಮಾಡುತ್ತದೆ. ಆದರೆ ಪಾಚಿಗೆ ಬೇಕಾದದ್ದು ನೀರು. ನೀರನ್ನು ನಿಲ್ಲಗೊಟ್ಟವರು ಯಾರು?

ಮಣ್ಣಿನ ಮಾಳಗಿಯ ಕಾಲದಲ್ಲಿ ನಮ್ಮ ಹಿರಿಯರು ಮಿರಗಕ್ಕೆ ಮುಂಚೆ ತಪ್ಪದೆ ಮೇಲೆ ಹತ್ತುತ್ತಿದ್ದರು. ಹುಲ್ಲು ಕಿತ್ತು, ಸವಳು ಮಣ್ಣು ಹರವಿ, ಬಡಿದು, ನೀರು ಹೊರಗೆ ಹೋಗುವ ದಾರಿ ಬಿಡಿಸಿ ಇಳಿಯುತ್ತಿದ್ದರು. ಹತ್ತದಿದ್ದರೆ ಮನೆ ಸೋರುತ್ತಿತ್ತು, ಆದ್ದರಿಂದ ಸೋಮಾರಿಯೂ ಹತ್ತುತ್ತಿದ್ದ. ಸ್ಲ್ಯಾಬು ಬಂತು, ಮೇಲೆ ಹತ್ತುವ ರೂಢಿ ಹೋಯಿತು. ಈಗ ಹತ್ತುವುದು ಟಿವಿಯ ಛತ್ರಿ ತಿರುಗಿಸಲು, ಇಲ್ಲವೇ ಹಪ್ಪಳ ಒಣಗಿಸಲು. ಹತ್ತು ಅಡಿಗೆ ಒಂದು ಇಂಚಿನಷ್ಟಾದರೂ ಇಳಿಜಾರು ಕೊಡಬೇಕಾದ ಗೌಂಡಿ ಕೊಡುವುದಿಲ್ಲ, ನಾವು ಕೇಳುವುದಿಲ್ಲ. ಬೇವಿನ ಎಲೆ ಪೈಪಿನ ಬಾಯಿ ಕಟ್ಟುತ್ತದೆ. ಸಿಂಟೆಕ್ಸ್ ಟಾಕಿ ತುಂಬಿ ವರ್ಷವಿಡೀ ತೊಟ್ಟಿಕ್ಕುತ್ತದೆ. ಪಾಚಿಗೆ ಇಷ್ಟು ಆದರಾತಿಥ್ಯ ಮಾಡಿ, ಬಂದು ಕುಳಿತ ಮೇಲೆ ಆಸಿಡ್ ಎರಚುವುದು ಯಾವ ನ್ಯಾಯ?

ಕೆಲವರು ತೊಳೆಯುವ ಗೋಜಿಗೂ ಹೋಗದೆ ಕರಿಯ ಮೇಲೆಯೇ ದುಬಾರಿ ವಾಟರ್‌ಪ್ರೂಫ್ ಬಣ್ಣ ಬಳಿಯುತ್ತಾರೆ. ಪೇಂಟು ಹಿಡಿಯುವುದು ಸಿಮೆಂಟನ್ನಲ್ಲ, ಪಾಚಿಯನ್ನು. ಪಾಚಿ ಎದ್ದಾಗ ಪೇಂಟೂ ಹಪ್ಪಳದಂತೆ ಎದ್ದು ಬರುತ್ತದೆ. ಅಂಗಡಿಯವ ಬೇರೆ ಕಂಪನಿಯ ಡಬ್ಬಿ ತೋರಿಸುತ್ತಾನೆ.

ಕೆಲಸ ಅಷ್ಟು ದೊಡ್ಡದಲ್ಲ. ಮಾಳಗಿಯನ್ನು ಮೊದಲು ನೀರಿನಿಂದ ನೆನೆಸಬೇಕು. ಬ್ಲೀಚಿಂಗ್ ಪೌಡರನ್ನು ಮಾತ್ರ ತೆಳ್ಳಗೆ ನೀರಿನಲ್ಲಿ ಕಲಸಿ ಚಿಮುಕಿಸಿ, ಕಾಲು ತಾಸು ಬಿಟ್ಟು, ಗಡುಸು ಪೊರಕೆಯಿಂದ ತಿಕ್ಕಿ, ಚೆನ್ನಾಗಿ ತೊಳೆಯಬೇಕು. ತಿಕ್ಕುವವನಿಗೆ ರಬ್ಬರಿನ ಕೈಚೀಲ, ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ ನಾವೇ ಕೊಡಬೇಕು. ಮಳೆನೀರನ್ನು ಹೌದಿಗೆ ಬಿಡುವ ಪೈಪಿದ್ದರೆ ಅಂದು ಅದನ್ನು ತಪ್ಪಿಸಬೇಕು. ಒಣಗಿದ ಮೇಲೆ ಎರಡು ಕೈ ಸುಣ್ಣ. ಹೊಸ ಸುಣ್ಣದ ಕ್ಷಾರ ಪಾಚಿಗೆ ಆಗಿಬರುವುದಿಲ್ಲ. ಬಿಳುಪು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಗಾಳಿಗೆ ಸುಣ್ಣದ ಖಾರ ಇಳಿಯುತ್ತದೆ, ನಿಜ. ಅದಕ್ಕೇ ವರ್ಷಕ್ಕೊಮ್ಮೆ ಬಳಿಯಬೇಕು.

"ವರ್ಷಾ ವರ್ಷಾ ಯಾರ್ ಮಾಡ್ತಾರ್ರೀ ಸರ್?" ಎಂದು ಗೌಂಡಿ ನಗುತ್ತಾನೆ. ಆಸಿಡನ್ನು ವರ್ಷಾ ವರ್ಷಾ ಅವನೇ ತರುತ್ತಾನೆ.