ಮೇವಿಗೂ ಪಾಠ ಬೇಕು

ದನ ಸಾಕುವವರಿಗೆ ಹುಲ್ಲು ಬೆಳೆಯುವ ತರಬೇತಿ ದಂಡ, ಪಶು ಆಹಾರಕ್ಕೆ ಸಬ್ಸಿಡಿ ಕೊಟ್ಟರೆ ಸಾಕು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ರೈತರ ಅನುಭವದ ಬಗ್ಗೆ ಆ ಲೇಖನ ತೋರಿದ ಗೌರವ ಸರಿಯೇ. ಆದರೆ ಆ ಅನುಭವ ಗೋಮಾಳದ್ದು, ಬದುವಿನ ಹುಲ್ಲಿನದು. ಕೊಳವೆಬಾವಿ ನೀರಲ್ಲಿ ಬೆಳೆಯುವ ಹೈಬ್ರಿಡ್ ನೇಪಿಯರ್ ಹುಲ್ಲಿನದಲ್ಲ. ಅದನ್ನು ಮೊದಲ ಕೊಯ್ಲಿನ ನಂತರ ಸುಮಾರು 45 ದಿನಕ್ಕೊಮ್ಮೆ ಕೊಯ್ಯಬೇಕು. ತಡವಾದರೆ ದಂಟು ಬಲಿಯುತ್ತದೆ. ಹಸು ಎಲೆ ತಿಂದು ದಂಟನ್ನು ಗೋದಲಿಯಲ್ಲೇ ಬಿಡುತ್ತದೆ. ಹರಿಸಿದ ನೀರೂ ವ್ಯರ್ಥ. ಇನ್ನು ಎಳೆಯ ಜೋಳದ ಪೈರು, ಅದೂ ಮಳೆಯಿಲ್ಲದೆ ಬಾಡಿದ್ದು, ಸಯನೈಡ್ ವಿಷದ ಮನೆ. ಹೂ ಬಿಡುವ ಮುನ್ನ ಮೇಯಿಸಿದರೆ ಹಸುವೇ ಹೋದೀತು. ಇದನ್ನು ಯಾವ ಹಿಂಡಿ ಚೀಲ ಹೇಳುತ್ತದೆ? ನೇಪಿಯರ್ ಜೊತೆ ಕುದುರೆಮಸಾಲೆ, ಅಲಸಂದೆ ಬೆರೆಸಿದರೆ ಪ್ರೋಟೀನ್ ಹೊಲದಲ್ಲೇ ಸಿಗುತ್ತದೆ, ಹಿಂಡಿಯ ಖರ್ಚೂ ಇಳಿಯುತ್ತದೆ. ಸಬ್ಸಿಡಿ ಕೊಡಿ, ಬೇಡವೆಂದವರಾರು? ತರಬೇತಿಯ ದುಡ್ಡು ಕಿತ್ತು ಮಾತ್ರ ಕೊಡಬೇಡಿ.