ಗಾಜಿನ ಮೇಲಿನ ಅಂಕಿ, ರಸ್ತೆಯ ಮೇಲಿನ ಕಣ್ಣು

2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಪ್ರಯಾಣಿಕರ ವ್ಯಾನೊಂದು ಅಪ್ಪಳಿಸಿ ಐವರು ಅಸುನೀಗಿದರು. ಅವರು ಬಾಗಲಕೋಟೆಯಿಂದ ಕಲಬುರಗಿಯ ದರ್ಗಾಕ್ಕೆ ಹೊರಟವರು. ಆ ಅಪಘಾತದ ಕಾರಣವನ್ನು ನಿರ್ಣಯಿಸುವುದು ತನಿಖೆಯ ಕೆಲಸ. ಅದನ್ನು ಇಲ್ಲಿ ಊಹಿಸಲು ಹೋಗುವುದಿಲ್ಲ. ಆದರೆ ಕತ್ತಲಲ್ಲಿ ನಿಂತ ವಾಹನ, ಅದನ್ನು ಗುರುತಿಸಲು ಚಾಲಕನಿಗೆ ಸಿಗುವ ಒಂದೆರಡು ಕ್ಷಣ, ಇವು ಆ ಭಾಗದ ರಸ್ತೆಗಳನ್ನು ಬಲ್ಲವರಿಗೆ ಹೊಸತಲ್ಲ. ಆ ಜಿಲ್ಲೆಯಲ್ಲಿ ಸೇವೆ ಸಲ್ಲಿಸಿದ ವರ್ಷಗಳಲ್ಲಿ ಆಳಂದ, ಅಫಜಲಪುರದ ಕಡೆ ಕಬ್ಬು ಸಾಗಣೆಯ ಕಾಲದಲ್ಲಿ ರಾತ್ರಿ ಸಂಚರಿಸುವಾಗ, ಹಿಂದೀಪವಿಲ್ಲದ ಟ್ರೇಲರುಗಳನ್ನು ತೀರ ಸಮೀಪಕ್ಕೆ ಬಂದ ಮೇಲೆಯೇ ಕಂಡದ್ದು ನನಗೂ ಅನೇಕ ಸಲ ಉಂಟು.

ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಕ್ರಮಿಸುತ್ತದೆ. ಸ್ಪೀಡೋಮೀಟರ್ ನೋಡಲು ಚಾಲಕ ಕಣ್ಣು ತಗ್ಗಿಸಿದರೆ ಅಷ್ಟು ದೂರ ಅವನು ರಸ್ತೆಯನ್ನು ಕಂಡಿರುವುದಿಲ್ಲ. ಚಾಳೀಸು ಬಂದವರಿಗಂತೂ ದೂರದ ದೃಷ್ಟಿಯನ್ನು ಹತ್ತಿರಕ್ಕೆ, ಮತ್ತೆ ದೂರಕ್ಕೆ ಹೊಂದಿಸಿಕೊಳ್ಳುವುದು ಇನ್ನೂ ನಿಧಾನ. ಬೇಕಾದ ಅಂಕಿಯನ್ನು ರಸ್ತೆಯ ನೋಟದ ಮೇಲೆಯೇ ತೇಲಿಸುವ ‘ಹೆಡ್ ಅಪ್ ಡಿಸ್‌ಪ್ಲೇ’ ಹುಟ್ಟಿದ್ದು ಈ ಕೊರತೆಯನ್ನು ನೀಗಲು.

ಈ ತಂತ್ರ ಯುದ್ಧವಿಮಾನಗಳಿಂದ ಬಂದದ್ದು. ಬೆಂಗಳೂರಿನ ಆಗಸದಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ಹಗುರ ಯುದ್ಧವಿಮಾನ ತೇಜಸ್‌ಗೆ ಇಂತಹ ಉಪಕರಣವನ್ನು ರೂಪಿಸಿಕೊಟ್ಟದ್ದು ಚಂಡೀಗಡದ ಕೇಂದ್ರೀಯ ವೈಜ್ಞಾನಿಕ ಉಪಕರಣಗಳ ಸಂಸ್ಥೆ. ಅಮೆರಿಕದ ಜನರಲ್ ಮೋಟಾರ್ಸ್ ಇದನ್ನು 1988ರಲ್ಲಿಯೇ ಕಾರಿಗೆ ತಂದಿತು. ನಮ್ಮಲ್ಲಿ 2022ರ ಬಲೆನೋ ಕಾರಿನೊಂದಿಗೆ ಇದು ಮಧ್ಯಮ ವರ್ಗದ ಅಳವಿಗೆ ಬಂತು. ವಿದ್ಯೆ ನಮಗೆ ಅಪರಿಚಿತವಲ್ಲ. ಅದು ಯಾರ ಅಗತ್ಯಕ್ಕೆ ತಕ್ಕಂತೆ ರೂಪುಗೊಳ್ಳುತ್ತಿದೆ ಎಂಬುದೇ ಪ್ರಶ್ನೆ.

ಇದರ ಒಳಗುಟ್ಟು ಸರಳ. ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆಯಲ್ಲಿ ಪುಟ್ಟ ಪರದೆಯೊಂದು ಬೆಳಗುತ್ತದೆ. ನಿಮ್ನ ದರ್ಪಣ ಅದರ ಬಿಂಬವನ್ನು ಹಿಗ್ಗಿಸುತ್ತದೆ. ಎದುರುಗಾಜು ಅದನ್ನು ಚಾಲಕನ ಕಣ್ಣಿಗೆ ಪ್ರತಿಫಲಿಸುತ್ತದೆ. ಅಂಕಿ ಎರಡು ಮೀಟರಿಗೂ ದೂರದಲ್ಲಿ, ಬಾನೆಟ್ಟಿನ ಮೇಲೆ ತೇಲುವಂತೆ ತೋರುತ್ತದೆ. ತೊಡಕಿರುವುದು ಗಾಜಿನಲ್ಲಿ. ಗಾಳಿಯನ್ನು ಸೀಳಲೆಂದು ಬಾಗಿಸಿ ಓರೆಯಾಗಿ ಕೂಡಿಸಿದ ಗಾಜು ಕನ್ನಡಿಯ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಅದರಲ್ಲಿ ನೇರ ಗೆರೆ ಬಿಲ್ಲಾಗುತ್ತದೆ, ಚೌಕ ಸೊಟ್ಟಗಾಗುತ್ತದೆ. ಪೆಟ್ಟಿಗೆಯನ್ನು ಚಿಕ್ಕದು ಮಾಡಹೊರಟರೆ ದರ್ಪಣದ ಬಾಗು ಹೆಚ್ಚಬೇಕು. ಬಾಗು ಹೆಚ್ಚಿದಷ್ಟೂ ವಿರೂಪವೂ ಹೆಚ್ಚು. ಚಿಕ್ಕ ಕಾರುಗಳಿಗೆ ಚಿಕ್ಕ ಪೆಟ್ಟಿಗೆಯೇ ಬೇಕಾದ್ದರಿಂದ ವಿನ್ಯಾಸಕಾರರ ಹೋರಾಟವೆಲ್ಲ ಈ ಎರಡರ ನಡುವೆ.

ಪರಿಹಾರದ ದಾರಿ ಎರಡು. ಒಂದು, ಗಾಜಿನ ಬಾಗನ್ನು ಸರಿದೂಗಿಸುವಂತೆ ದರ್ಪಣದ ಮೈಯನ್ನೇ ಬಿಂದುಬಿಂದುವಿಗೂ ಬೇರೆಯಾಗಿ ರೂಪಿಸುವುದು. ಇನ್ನೊಂದು, ಚಿತ್ರವನ್ನು ಮೊದಲೇ ಎದುರು ದಿಕ್ಕಿಗೆ ಸೊಟ್ಟಗೆ ಬಿಡಿಸುವುದು. ಗಾಜು ಅದನ್ನು ನೇರ ಮಾಡಿಕೊಡುತ್ತದೆ. ಎರಡನೆಯದು ಕೇವಲ ಗಣಿತ, ಅಗ್ಗ. ಆದರೆ ಕಣ್ಣಿನ ಎತ್ತರ ಬದಲಾದರೆ ಆ ಲೆಕ್ಕವೂ ಬದಲಾಗಬೇಕು. ಎಡಗಣ್ಣಿಗೂ ಬಲಗಣ್ಣಿಗೂ ಬಿಂಬ ಬೇರೆ ಎತ್ತರದಲ್ಲಿ ಕಂಡರೆ ಆ ದೋಷವನ್ನು ಚಿತ್ರ ತಿದ್ದಿ ನೀಗಲಾಗದು. ಚಾಲಕನಿಗೆ ಉಳಿಯುವುದು ತಲೆನೋವು.

ಇನ್ನು ಜೋಡಿಬಿಂಬದ ಸಮಸ್ಯೆ. ಎದುರುಗಾಜು ಒಂದೇ ಹಾಳೆಯಲ್ಲ, ನಡುವೆ ಪ್ಲಾಸ್ಟಿಕ್ ಪದರವುಳ್ಳ ಎರಡು ಹಾಳೆ. ಒಳಮೈ, ಹೊರಮೈ ಎರಡೂ ಪ್ರತಿಫಲಿಸುವುದರಿಂದ ಅಂಕಿಗೆ ನೆರಳು ಹುಟ್ಟುತ್ತದೆ. ಇದನ್ನು ತಡೆಯಲು ಪದರವನ್ನು ಬೆಣೆಯಂತೆ ಮೇಲುಗಡೆ ತುಸು ದಪ್ಪವಾಗಿಸಿದ ವಿಶೇಷ ಗಾಜು ಬಳಸುತ್ತಾರೆ. ಈಗ ಯೋಚಿಸಿ: ಜಲ್ಲಿ ಸಿಡಿದು ಗಾಜು ಬಿರುಕು ಬಿಟ್ಟಾಗ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಮಾಲೀಕ ಕೇಳುವುದು ಅಗ್ಗದ ಸಾಮಾನ್ಯ ಗಾಜನ್ನು. ಅದನ್ನು ಕೂಡಿಸಿದ ದಿನದಿಂದ ಅಂಕಿ ಜೋಡಿಯಾಗಿ ಕಾಣುತ್ತದೆ. ನೆರವಾಗಬೇಕಾದ ಸಾಧನವೇ ಗೊಂದಲಕ್ಕೆ ಕಾರಣವಾಗುತ್ತದೆ. ಬಲೆನೋದಲ್ಲಿರುವಂತೆ ಡ್ಯಾಶ್‌ಬೋರ್ಡಿನ ಮೇಲೆ ನಿಲ್ಲುವ ಪುಟ್ಟ ಪಾರದರ್ಶಕ ಫಲಕಕ್ಕೆ ಈ ತೊಂದರೆಯಿಲ್ಲ. ಅದರ ಬಾಗು ಕಾರ್ಖಾನೆಯಲ್ಲಿಯೇ ನಿಶ್ಚಿತ, ಎದುರುಗಾಜು ಬದಲಾದರೂ ಅದು ಬದಲಾಗದು. ಬಿಂಬ ಚಿಕ್ಕದು ನಿಜ. ನಮ್ಮ ರಸ್ತೆಗೆ ಚಿಕ್ಕದೇ ಸಾಕು ಎಂಬುದು ನನ್ನ ವಾದ.

ಬಿಸಿಲಿನ ಮಾತೂ ಇದೆ. ಬಿಂಬವನ್ನು ಹಿಗ್ಗಿಸುವ ದರ್ಪಣವೇ ಒಳನುಗ್ಗುವ ಬಿಸಿಲನ್ನು ಪುಟ್ಟ ಪರದೆಯ ಮೇಲೆ ಕೇಂದ್ರೀಕರಿಸಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಮುಚ್ಚಿದ ವಾಹನದ ಒಳಗಿನ ಕಾವು ಎಷ್ಟಿರಬಹುದು? ಶೀತದೇಶಗಳ ಪರೀಕ್ಷೆಯಲ್ಲಿ ಗೆದ್ದ ಉಪಕರಣ ಇಲ್ಲಿಯೂ ಗೆಲ್ಲುತ್ತದೆಂದು ನಂಬಲು ಆಧಾರವಿಲ್ಲ.

ಮಾರುಕಟ್ಟೆ ಇವನ್ನೆಲ್ಲ ತಾನಾಗಿ ಸರಿಪಡಿಸುವುದೇ? ಅರ್ಥಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಇಲ್ಲ. ಕಂಪನಿಗಳು ಹಣ ಕೊಡುವವನ ಅಭಿರುಚಿಗೆ ವಿನ್ಯಾಸ ಮಾಡುತ್ತವೆ; ಆದ್ದರಿಂದಲೇ ಈಗಿನ ಸ್ಪರ್ಧೆಯೆಲ್ಲ ಗಾಜಿನ ತುಂಬ ಬಾಣ, ನಕ್ಷೆ, ಬಣ್ಣ ಹರಡುವ ಕಡೆಗೆ. ಸುರಕ್ಷಿತ ಚಾಲನೆಯ ಲಾಭ ವಾಹನ ಕೊಂಡವನಿಗಷ್ಟೇ ಅಲ್ಲ, ಎದುರು ಬರುವವನಿಗೆ, ಬಸ್ಸಿನ ಐವತ್ತು ಜನಕ್ಕೆ, ಅಂಚಿನಲ್ಲಿ ನಡೆಯುವವನಿಗೆ ಸಲ್ಲುತ್ತದೆ. ಅವರಾರೂ ಅದಕ್ಕೆ ಬೆಲೆ ತೆರುವವರಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಮಂದಿ ಸತ್ತರು. ಬೆಲೆಪಟ್ಟಿಯಲ್ಲಿ ಸೇರದ ಇಂತಹ ಲಾಭನಷ್ಟಗಳಿರುವಲ್ಲಿಯೇ ಸರ್ಕಾರಕ್ಕೆ ಕೆಲಸವಿರುವುದು.

ಆ ಕೆಲಸವನ್ನು ಕಲಬುರಗಿಯಿಂದಲೇ ಆರಂಭಿಸಬಹುದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಅಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರರಲ್ಲಿಯೂ ಅದರ ಘಟಕಗಳಿವೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 371(ಜೆ) ವಿಧಿಯ ಆಶಯದಂತೆ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಕೆಲವು ರಾತ್ರಿ ಬಸ್ಸುಗಳಿಗೆ ಪುಟ್ಟ ಫಲಕವನ್ನು ಅಳವಡಿಸಿ, ಒಂದು ವರ್ಷ ಚಾಲಕರ ಅನುಭವವನ್ನು ದಾಖಲಿಸಲು ಅಪಾರ ಹಣ ಬೇಕಿಲ್ಲ. ಬಿಂಬದ ವಿರೂಪವನ್ನು ಅಳೆಯಲು ಬೇಕಾದದ್ದು ಕ್ಯಾಮೆರಾ, ಚೌಕುಳಿ ಚಿತ್ರ, ಗಣಿತ ಬಲ್ಲ ವಿದ್ಯಾರ್ಥಿಗಳು. ಆ ಮಕ್ಕಳು ಇಂತಹ ವಿದ್ಯೆಗಾಗಿ ಬೆಂಗಳೂರಿನ ರೈಲು ಹತ್ತಲೇಬೇಕೆಂಬ ನಿಯಮವೇನೂ ಇಲ್ಲ.

ಆಕ್ಷೇಪಗಳೂ ಉಂಟು, ಅವು ತಳ್ಳಿಹಾಕುವಂಥವಲ್ಲ. ಕಣ್ಣೆದುರು ತೇಲುವ ಅಂಕಿ ತಾನೇ ಗಮನವನ್ನು ಕದಿಯಬಹುದು. ಅಂಕಿಯನ್ನು ನೋಡುವವನು ಅದರಾಚೆಯ ಎತ್ತಿನಗಾಡಿಯನ್ನು ಕಾಣದೇ ಹೋಗಬಹುದು. ಆದ್ದರಿಂದ ವೇಗ ಮತ್ತು ಅಪಾಯದ ಸೂಚನೆಯ ಹೊರತು ಬೇರೇನೂ ಅಲ್ಲಿ ಮೂಡಬಾರದೆಂಬ ಕಟ್ಟುಪಾಡು ಬೇಕು. ಕಬ್ಬಿನ ಟ್ರೇಲರಿಗೆ ಅಂಟಿಸುವ ಕೆಂಪು ಪ್ರತಿಫಲನ ಪಟ್ಟಿ ಇದಕ್ಕಿಂತ ಎಷ್ಟೋ ಅಗ್ಗ ಎಂಬುದೂ ಸತ್ಯ. ಅದು ಮೊದಲು ಆಗಬೇಕು. ಕಾರ್ಖಾನೆಯ ತೂಕದ ಸೇತುವೆಯ ಬಳಿಯೇ ಪಟ್ಟಿಯಿಲ್ಲದ ಟ್ರೇಲರನ್ನು ತಡೆದರೆ ಒಂದೇ ಹಂಗಾಮಿನಲ್ಲಿ ಸ್ಥಿತಿ ಸುಧಾರಿಸೀತು. ಅಗ್ಗದ ಉಪಾಯ ಮೊದಲು ಎಂಬುದರರ್ಥ ಮುಂದಿನ ಉಪಾಯವನ್ನು ಕೈಬಿಡಬೇಕೆಂದಲ್ಲ.

ಯುದ್ಧವಿಮಾನದ ಪೈಲಟ್ ಕತ್ತು ಬಗ್ಗಿಸದಿರಲಿ ಎಂದು ಈ ದೇಶ ಶ್ರಮಿಸಿ ಗೆದ್ದಿದೆ. ನಡುರಾತ್ರಿ ಐವತ್ತು ಜನರನ್ನು ಹೊತ್ತು ಜೇವರ್ಗಿ ದಾಟುವ ಚಾಲಕನ ಕಣ್ಣಿಗೂ ಅಷ್ಟೇ ಬೆಲೆಯಿದೆಯೆಂದು ಒಪ್ಪುವುದಾದರೆ, ಆ ವಿದ್ಯೆಯನ್ನು ಅವನ ಬಸ್ಸಿಗೂ ಇಳಿಸುವುದು ಸರ್ಕಾರದ ಹೊಣೆ.