ಇರುವೆಯ ಪರವಾಗಿ ಒಂದು ವಕಾಲತ್ತು

ಈಚೆಗೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಹೆಸರು ಬರೆಯುವುದಿಲ್ಲ, ಇದನ್ನು ಓದಿದಾಗ ಅವನಿಗೇ ತಿಳಿಯುತ್ತದೆ. ಊಟವಾದ ಮೇಲೆ ಮಾತು ಫುಟ್‌ಬಾಲ್ ಕಡೆಗೆ ಹೊರಳಿತು. ನಿವೃತ್ತನಾದ ಮೇಲೆ ಮೊಮ್ಮಗನ ಸಹವಾಸದಿಂದ ಅಂಟಿಕೊಂಡ ಚಟವಿದು. ಅಪರಾತ್ರಿಯಲ್ಲಿ ಎದ್ದು ಸ್ಪೇನ್ ದೇಶದ ಪಂದ್ಯಗಳನ್ನು ನೋಡುತ್ತೇನೆಂದು ನನ್ನವಳಿಗೆ ಈಗಲೂ ಕೋಪವಿದೆ. ನಾನು ಎರ್ನೆಸ್ಟೊ ವಾಲ್ವೆರ್ಡೆ ಎಂಬ ತರಬೇತುದಾರನನ್ನು ಹೊಗಳಿದೆ. ಶಿಷ್ಯ ನಕ್ಕುಬಿಟ್ಟ. "ಬಿಡಿ ಸಾರ್, ದೊಡ್ಡ ಪಂದ್ಯ ಬಂದಾಗ ಕೈಕೊಡುವವನು ಎಂಥ ಕೋಚು? ರೋಮ್‌ನಲ್ಲಿ ಸೋತ, ಲಿವರ್‌ಪೂಲ್‌ನಲ್ಲಿ ಸೋತ, ಅಲ್ಲಿಗೆ ಅವನ ಕಥೆ ಮುಗಿಯಿತು" ಎಂದ. ಅವನು ಹಿರಿಯ ಅಧಿಕಾರಿ, ಕೈಕೆಳಗೆ ನಲವತ್ತು ಜನ ಕೆಲಸ ಮಾಡುತ್ತಾರೆ. ಆ ನಲವತ್ತು ಜನರನ್ನೂ ಇವನು ಹೀಗೆಯೇ ಅಳೆಯುತ್ತಾನೆಯೇ ಎಂಬ ಯೋಚನೆ ಬಂದು ಅಂದು ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಎದುರಿಗೆ ಹೇಳಲು ಹೊಳೆಯದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಫುಟ್‌ಬಾಲ್ ತಿಳಿಯದ ಬಂಧುಗಳಿಗಾಗಿ ಮೊದಲು ಆಸಾಮಿಯ ಪರಿಚಯ. ವಾಲ್ವೆರ್ಡೆ ಹುಟ್ಟಿದ್ದು 1964ರಲ್ಲಿ, ಸ್ಪೇನಿನ ಪಶ್ಚಿಮದ ಬಡ ಸೀಮೆಯಾದ ಎಕ್ಸ್‌ಟ್ರೆಮದುರಾದ ಒಂದು ಹಳ್ಳಿಯಲ್ಲಿ. ಕೈಗೂಸಾಗಿದ್ದಾಗಲೇ ಮನೆಯವರು ಉತ್ತರದ ಬಾಸ್ಕ್ ಪ್ರಾಂತದ ವಿಟೋರಿಯಾ ನಗರಕ್ಕೆ ವಲಸೆ ಹೋದರು. ಹೀಗಾಗಿ ಬೆಳೆದದ್ದೆಲ್ಲ ಬಾಸ್ಕ್ ನೆಲದಲ್ಲಿ. ಆಡುವ ಕಾಲದಲ್ಲಿ ಆತ ವಿಂಗರ್. ಎಂದರೆ ಮೈದಾನದ ಅಂಚುಗೆರೆಯ ಪಕ್ಕದಲ್ಲಿ ಓಡುತ್ತ, ಎದುರಾಳಿಯನ್ನು ದಾಟಿ, ಚೆಂಡನ್ನು ಒಳಗಿರುವವರಿಗೆ ಒದಗಿಸಿಕೊಡುವವನು. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಒದಗಿಸಿದವನದು ಅನೇಕ ವೇಳೆ ಬರುವುದಿಲ್ಲ. ಗಿಡ್ಡ ಆಳು, ಚುರುಕು ಕಾಲು. ಅದಕ್ಕೇ ಅವರಿಗೆ 'ಚಿಂಗುರ್ರಿ' ಎಂಬ ಅಡ್ಡಹೆಸರು ಬಂತು. ಬಾಸ್ಕ್ ಭಾಷೆಯಲ್ಲಿ ಹಾಗೆಂದರೆ ಇರುವೆ.

ಈ ಇರುವೆ 1986ರಲ್ಲಿ ಬಾರ್ಸಿಲೋನಾ ನಗರದ ಎಸ್ಪಾನ್ಯೋಲ್ ಎಂಬ ತಂಡಕ್ಕೆ ಬಂತು. ಅದೇ ಊರಿನ ಜಗತ್ಪ್ರಸಿದ್ಧ ಬಾರ್ಸಿಲೋನಾ ಕ್ಲಬ್ಬಿನ ನೆರಳಿನಲ್ಲಿ ಬದುಕುವ ಬಡ ಸೋದರ ಈ ಎಸ್ಪಾನ್ಯೋಲ್. 1988ರಲ್ಲಿ ಅದು ಯೂರೋಪಿನ ಯುಇಎಫ್ಎ ಕಪ್ ಅಂತಿಮ ಹಂತವನ್ನು ತಲುಪಿತು. ಆಗ ಅಂತಿಮ ಪಂದ್ಯವನ್ನು ಎರಡು ಊರುಗಳಲ್ಲಿ ಎರಡು ಸಲ ಆಡಿ ಒಟ್ಟು ಗೋಲುಗಳನ್ನು ಎಣಿಸುತ್ತಿದ್ದರು. ತನ್ನೂರಿನಲ್ಲಿ ಎಸ್ಪಾನ್ಯೋಲ್ ಜರ್ಮನಿಯ ಲೆವರ್ಕುಸೆನ್ ತಂಡವನ್ನು 3-0ರಿಂದ ಸೋಲಿಸಿತು. ಎರಡು ವಾರ ಕಳೆದು ಜರ್ಮನಿಗೆ ಹೋದಾಗ ವಿರಾಮದವರೆಗೂ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಆಮೇಲೆ ಮೂರನ್ನೂ ಬಿಟ್ಟುಕೊಟ್ಟು, ಪೆನಾಲ್ಟಿ ಒದೆತಗಳಲ್ಲಿ ಕಪ್ಪನ್ನೇ ಕಳೆದುಕೊಂಡಿತು. ಮೂರು ಗೋಲುಗಳ ಮುನ್ನಡೆ ಕೈಬೆರಳ ಸಂದಿಯಿಂದ ಸೋರಿಹೋಗುವುದೆಂದರೇನೆಂದು ವಾಲ್ವೆರ್ಡೆಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿಗೇ ಅದನ್ನು ಉಂಡವರು ಅವರು.

ಮುಂದೆ ಎರಡು ವರ್ಷ ಬಾರ್ಸಿಲೋನಾದಲ್ಲಿ, ಯೋಹಾನ್ ಕ್ರೈಫ್ ಎಂಬ ಡಚ್ ಗುರುವಿನ ಕೈಕೆಳಗೆ ಆಡಿದರು. ಕಪ್ಪುಗಳು ಬಂದವು, ಖಾಯಂ ಸ್ಥಾನ ಸಿಗಲಿಲ್ಲ. ಬಳಿಕ ಆರು ವರ್ಷ ಬಿಲ್ಬಾವೊದ ಅಥ್ಲೆಟಿಕ್ ತಂಡದಲ್ಲಿ. ಸ್ಪೇನ್ ದೇಶದ ಪರವಾಗಿ ಆಡಿದ್ದು 1990ರಲ್ಲಿ ಒಂದೇ ಒಂದು ಪಂದ್ಯ. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

2003ರಲ್ಲಿ ಅದೇ ಅಥ್ಲೆಟಿಕ್ ತಂಡದ ಮುಖ್ಯ ತರಬೇತುದಾರರಾದರು. ಮೊದಲ ವರ್ಷವೇ ತಂಡ ಐದನೆಯ ಸ್ಥಾನಕ್ಕೆ ಏರಿತು. ಆ ಕ್ಲಬ್ಬಿಗೆ ಇದು ಸಣ್ಣ ಮಾತಲ್ಲ. ಬಾಸ್ಕ್ ನೆಲದಲ್ಲಿ ಹುಟ್ಟಿದ ಅಥವಾ ಅಲ್ಲಿಯೇ ಆಟ ಕಲಿತ ಹುಡುಗರನ್ನು ಬಿಟ್ಟು ಬೇರೆಯವರನ್ನು ಅದು ಸೇರಿಸಿಕೊಳ್ಳುವುದಿಲ್ಲ. ಉಳಿದವರು ಬ್ರೆಜಿಲ್ಲಿನಿಂದಲೋ ಫ್ರಾನ್ಸಿನಿಂದಲೋ ಹಣ ಸುರಿದು ಆಟಗಾರರನ್ನು ತರುವಾಗ ಇದು ತನ್ನ ಹಿತ್ತಲ ಬೆಳೆಯಲ್ಲೇ ಅಡುಗೆ ಮಾಡಬೇಕು. ಹಾಗಿದ್ದೂ ಸ್ಪೇನಿನ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿಯದ ಮೂರು ತಂಡಗಳಲ್ಲಿ ಅದೂ ಒಂದು. ಸರ್ಕಾರಿ ಶಾಲೆಯಲ್ಲಿ, ಬಂದ ಮಕ್ಕಳನ್ನೇ ಓದಿಸಿದವನಿಗೆ ಇಂಥ ತಂಡದ ಮೇಲೆ ಪಕ್ಷಪಾತ ಹುಟ್ಟಿದರೆ ಓದುಗರು ಕ್ಷಮಿಸಬೇಕು.

ಬಳಿಕ ತರಬೇತುದಾರರಾಗಿ ಎಸ್ಪಾನ್ಯೋಲ್‌ಗೆ ಮರಳಿದರು. 2007ರಲ್ಲಿ ಅದೇ ಕಪ್ಪಿನ ಅಂತಿಮ ಪಂದ್ಯ, ಈ ಬಾರಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ, ಸೆವಿಯಾ ತಂಡದ ವಿರುದ್ಧ. ಒಬ್ಬ ಆಟಗಾರ ಕೆಂಪು ಚೀಟಿ ಪಡೆದು ಹೊರನಡೆದ ಮೇಲೂ ಹತ್ತೇ ಜನ ಹೋರಾಡಿ, ಇನ್ನೇನು ಮುಗಿಯಿತೆನ್ನುವಾಗ 2-2 ಸಮ ಮಾಡಿದರು. ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಆ ಸಲದ ಪಂದ್ಯಾವಳಿಯಲ್ಲಿ ಆಟದ ಅವಧಿಯೊಳಗೆ ಒಂದು ಪಂದ್ಯವನ್ನೂ ಸೋಲದ ತಂಡ ಬರಿಗೈಯಲ್ಲಿ ಮರಳಿತು. ಗ್ರೀಸಿನ ಒಲಿಂಪಿಯಾಕೋಸ್ ತಂಡದೊಂದಿಗೆ ಎರಡು ಅವಧಿಗಳಲ್ಲಿ ಮೂರು ಲೀಗ್ ಪಟ್ಟಗಳನ್ನು ಗೆದ್ದರು. ನಡುವೆ ವಿಯ್ಯಾರೆಯಾಲ್ ಎಂಬ ಕ್ಲಬ್ಬು ಅರ್ಧ ವರ್ಷಕ್ಕೇ ಅವರನ್ನು ಕಳುಹಿಸಿಬಿಟ್ಟಿತು, ಅದನ್ನೂ ಮುಚ್ಚಿಡುವುದಿಲ್ಲ. 2013ರಲ್ಲಿ ಮತ್ತೆ ಬಿಲ್ಬಾವೊ. 2015ರ ಆಗಸ್ಟಿನಲ್ಲಿ ಸೂಪರ್ ಕಪ್ ಸ್ಪರ್ಧೆಯಲ್ಲಿ ಬಾರ್ಸಿಲೋನಾ ತಂಡವನ್ನೇ ತಮ್ಮೂರಿನಲ್ಲಿ 4-0ರಿಂದ ಬಡಿದು ಕಪ್ ಗೆದ್ದರು. ಅಥ್ಲೆಟಿಕ್‌ಗೆ ಅದು 31 ವರ್ಷಗಳ ಮೇಲೆ ಬಂದ ಮೊದಲ ಕಪ್. ಶಿಷ್ಯೋತ್ತಮನೇ, ಅದು ದೊಡ್ಡ ಪಂದ್ಯವಲ್ಲವೇ?

ಈಗ ಅಸಲು ವ್ಯಾಜ್ಯಕ್ಕೆ ಬರೋಣ. 2017ರಲ್ಲಿ ಬಾರ್ಸಿಲೋನಾ ಅವರನ್ನು ಕರೆಯಿತು. ಕಾಲಿಟ್ಟ ಬೇಸಿಗೆಯಲ್ಲೇ ನೇಮಾರ್ ಎಂಬ ಮಹಾ ಆಟಗಾರ 22 ಕೋಟಿ 20 ಲಕ್ಷ ಯೂರೋಗಳಿಗೆ ಪ್ಯಾರಿಸ್ಸಿಗೆ ಹೊರಟುಹೋದ. ಮೊದಲ ಪರೀಕ್ಷೆಯಲ್ಲೇ ರಿಯಲ್ ಮ್ಯಾಡ್ರಿಡ್ ಕೈಯಲ್ಲಿ ಎರಡು ಸೋಲು. ಮುರಿದ ತೊಲೆಯ ಮನೆಯನ್ನು ಈ ಮನುಷ್ಯ ಸದ್ದಿಲ್ಲದೆ ನಿಲ್ಲಿಸಿದರು. ಆ ವರ್ಷ ಲೀಗ್ ಗೆದ್ದರು. 38 ಪಂದ್ಯಗಳಲ್ಲಿ ಸೋತದ್ದು ಒಂದೇ, ಅದೂ ಪಟ್ಟ ಕೈಸೇರಿದ ಮೇಲೆ. ರಾಜನ ಕಪ್ಪನ್ನು ಸೆವಿಯಾ ವಿರುದ್ಧ 5-0ರಿಂದ ಗೆದ್ದರು. ಮರುವರ್ಷ ಮತ್ತೆ ಲೀಗ್ ಪಟ್ಟ. ಹತ್ತು ತಿಂಗಳ ಕಾಲ ವಾರವಾರವೂ ನಡೆಯುವ ಪರೀಕ್ಷೆಯಲ್ಲಿ ಎರಡು ವರ್ಷವೂ ತರಗತಿಗೆ ಮೊದಲಿಗರು!

ಆದರೆ ಜನ ನೆನಪಿಡುವುದು ಎರಡು ರಾತ್ರಿಗಳನ್ನು. 2018ರ ಏಪ್ರಿಲ್ 10, ರೋಮ್: ತನ್ನೂರಿನಲ್ಲಿ 4-1ರಿಂದ ಗೆದ್ದಿದ್ದ ತಂಡ ಅಲ್ಲಿ 0-3 ಸೋತು, ಪರಸ್ಥಳದಲ್ಲಿ ಹೊಡೆದ ಗೋಲಿನ ಲೆಕ್ಕದ ಮೇಲೆ ಹೊರಬಿತ್ತು. 2019ರ ಮೇ 7, ಲಿವರ್‌ಪೂಲ್: 3-0 ಮುನ್ನಡೆಯೊಂದಿಗೆ ಹೋಗಿ 0-4 ಸೋತಿತು. ಅಲ್ಲಿ ಅವರ ತಪ್ಪಿರಲಿಲ್ಲವೇ? ಇತ್ತು. ರೋಮ್‌ನಲ್ಲಿ ತಂಡ ಮುಳುಗುತ್ತಿದ್ದರೂ 80 ನಿಮಿಷ ಕಳೆಯುವವರೆಗೆ ಒಬ್ಬನನ್ನೂ ಬದಲಾಯಿಸಲಿಲ್ಲ. ದಣಿದ ಹಿರಿಯ ಆಟಗಾರರ ಮೇಲೆ ಅತಿಯಾದ ವಿಶ್ವಾಸವಿಟ್ಟರು. ಒಮ್ಮೆ ಬಿದ್ದ ಹಳ್ಳಕ್ಕೆ ಮರುವರ್ಷವೂ ಬಿದ್ದರು. ಇವನ್ನು ವಕೀಲನಾಗಿ ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಇನ್ನೊಂದು ಸಂಗತಿಯನ್ನೂ ದಾಖಲೆಗೆ ಸೇರಿಸಿಕೊಳ್ಳಿ. ಲಿವರ್‌ಪೂಲ್ ವಿರುದ್ಧದ ಮೊದಲ ಪಂದ್ಯದ ಕೊನೆಯ ಗಳಿಗೆಯಲ್ಲಿ ಡೆಂಬೆಲೆ ಎಂಬ ಹುಡುಗನ ಮುಂದೆ ಗೋಲಿ ಒಬ್ಬನೇ ಉಳಿದಿದ್ದ. ಹುಡುಗ ಚೆಂಡನ್ನು ನೇರ ಅವನ ಕೈಗೇ ಮೆತ್ತಗೆ ಒದ್ದ. ಅದು ಗೋಲಾಗಿದ್ದರೆ ಒಟ್ಟು ಲೆಕ್ಕ 4-4 ಆಗಿ ಆಟ ಮುಂದುವರಿಯುತ್ತಿತ್ತು. ಒಂದು ಒದೆತದ ಅಂತರದ ಮೇಲೆ ಒಬ್ಬನ ಯೋಗ್ಯತೆಯನ್ನು ತೂಗುವುದು ಯಾವ ನ್ಯಾಯ?

ಇನ್ನೊಂದು ಆರೋಪ, ಅವರ ಆಟದಲ್ಲಿ ಸೊಗಸಿಲ್ಲವೆಂಬುದು. ಬಾರ್ಸಿಲೋನಾದವರಿಗೆ ಕ್ರೈಫ್ ಹಾಕಿಕೊಟ್ಟ ಪದ್ಧತಿಯೆಂದರೆ ವೇದವಾಕ್ಯ. ಅದಕ್ಕಿಂತ ಕೊಂಚ ಭಿನ್ನವಾಗಿ, ಮಧ್ಯಭಾಗವನ್ನು ಭದ್ರಪಡಿಸಿಕೊಂಡು ಆಡಿಸಿದ್ದೇ ಮಹಾಪರಾಧವಾಯಿತು. ಕ್ರೈಫ್ ಬಳಿಯೇ ಆಡಿದ್ದ ಮನುಷ್ಯನಿಗೆ ಕ್ರೈಫ್ ತತ್ತ್ವವನ್ನು ಬೋಧಿಸಿದವರು ಯಾರು? ಪತ್ರಿಕೆಗಳಲ್ಲಿ ಅಂಕಣ ಬರೆಯುವವರು ಮತ್ತು ಆಡಳಿತ ಮಂಡಲಿಯ ಕುರ್ಚಿಯ ಮೇಲೆ ಕುಳಿತವರು! ಮೂರು ಆಟಗಾರರಿಗೆ ತಲಾ ಹತ್ತು ಕೋಟಿ ಯೂರೋಗಳಿಗೂ ಹೆಚ್ಚು ಸುರಿದು, ಅವರಲ್ಲೊಬ್ಬನೂ ಹೋದವನ ಜಾಗ ತುಂಬದಿದ್ದಾಗ, ಆ ಮಂಡಲಿ ತನ್ನ ಲೆಕ್ಕಪುಸ್ತಕವನ್ನು ನೋಡಿಕೊಳ್ಳಲಿಲ್ಲ. ಮೇಷ್ಟರ ಕಡೆಗೆ ಬೆರಳು ತೋರಿತು.

2020ರ ಜನವರಿಯಲ್ಲಿ ಸೌದಿ ಅರೇಬಿಯದ ಜೆಡ್ಡಾದಲ್ಲಿ ಸೂಪರ್ ಕಪ್ಪಿನ ಉಪಾಂತ್ಯ. ಬಾರ್ಸಿಲೋನಾ 2-1 ಮುಂದಿತ್ತು, ಕೊನೆಯ ಹತ್ತು ನಿಮಿಷಗಳಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ 2-3ರಿಂದ ಸೋತಿತು. ವಾಲ್ವೆರ್ಡೆ ಇನ್ನೂ ಹುದ್ದೆಯಲ್ಲಿರುವಾಗಲೇ ಅವರ ಜಾಗಕ್ಕೆ ಬೇರೊಬ್ಬರನ್ನು ವಿಚಾರಿಸಲು ಕ್ಲಬ್ಬಿನ ಅಧಿಕಾರಿಗಳು ಕತಾರ್ ದೇಶಕ್ಕೆ ಹೋದರು. ಆತ ಒಪ್ಪಲಿಲ್ಲ. ಆದರೂ ಜನವರಿ 13ರಂದು ಇವರನ್ನು ವಜಾ ಮಾಡಿದರು. ಆ ದಿನ ಲೀಗ್ ಪಟ್ಟಿಯಲ್ಲಿ ತಂಡ ಯಾವ ಸ್ಥಾನದಲ್ಲಿತ್ತು ಗೊತ್ತೇ? ಮೊದಲನೆಯದರಲ್ಲಿ. ರಿಯಲ್ ಮ್ಯಾಡ್ರಿಡ್‌ಗೂ ಇದಕ್ಕೂ 40 ಅಂಕಗಳ ಸಮ, ಗೋಲುಗಳ ಲೆಕ್ಕದಲ್ಲಿ ಇದು ಮುಂದೆ. ತರಗತಿಗೆ ಮೊದಲಿಗನಾದ ಹುಡುಗನಿಗೆ ನಡುವರ್ಷದಲ್ಲಿ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿದಂತಾಯಿತು.

ಮುಂದೇನಾಯಿತು? ಸೊಗಸಿನ ಉಪಾಸಕರೆಂದು ಹೆಸರಾದ ಕಿಕೆ ಸೆತಿಯೆನ್ ಬಂದರು. ಲೀಗ್ ಪಟ್ಟ ಮ್ಯಾಡ್ರಿಡ್ ಪಾಲಾಯಿತು. ಏಳು ತಿಂಗಳ ಬಳಿಕ, ಆಗಸ್ಟ್ 14ರಂದು, ಲಿಸ್ಬನ್ ನಗರದಲ್ಲಿ ಬೇಯರ್ನ್ ಮ್ಯೂನಿಕ್ ತಂಡ ಬಾರ್ಸಿಲೋನಾವನ್ನು 8-2ರಿಂದ ಸೋಲಿಸಿತು. ಎಂಟು ಗೋಲು! ಬಹುಪಾಲು ಆಟಗಾರರು ಹಿಂದಿನವರೇ. ಹಾಗಾದರೆ ರೋಮ್, ಲಿವರ್‌ಪೂಲ್ ಸೋಲುಗಳ ಬೇರು ಎಲ್ಲಿತ್ತು? ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಸೆತಿಯೆನ್ ಅವರನ್ನೂ ಕಳುಹಿಸಿದರು. ಅಕ್ಟೋಬರಿನಲ್ಲಿ ಅಧ್ಯಕ್ಷ ಬಾರ್ತೊಮೆವು ತಾವೇ ರಾಜೀನಾಮೆ ಕೊಟ್ಟರು. ಮರುವರ್ಷ ಮೆಸ್ಸಿಯಂಥ ಮೆಸ್ಸಿಯನ್ನು ಉಳಿಸಿಕೊಳ್ಳಲೂ ಆ ಮನೆಯ ಆಯವ್ಯಯ ಅವಕಾಶ ಕೊಡಲಿಲ್ಲ.

ಇಷ್ಟು ಕಾವಿನಿಂದ ಬರೆಯಲು ನನಗೆ ಸ್ವಂತದ ಕಾರಣವೂ ಇದೆ. ವೃತ್ತಿಗೆ ಸೇರಿದ ಆರಂಭದ ವರ್ಷಗಳಲ್ಲಿ, ವರ್ಷವಿಡೀ ಲೆಕ್ಕದಲ್ಲಿ ಚೆನ್ನಾಗಿದ್ದ ಹುಡುಗನೊಬ್ಬ ವಾರ್ಷಿಕ ಪರೀಕ್ಷೆಯ ದಿನ ತಲ್ಲಣಿಸಿ ಉತ್ತರಪತ್ರಿಕೆಯನ್ನು ಅರ್ಧ ಖಾಲಿ ಬಿಟ್ಟ. ಅವನ ತಂದೆ ಬಂದು, "ಮೇಷ್ಟ್ರೇ, ಇವನನ್ನು ಸೈನ್ಸಿಗೆ ಹಾಕಲೇ?" ಎಂದು ಕೇಳಿದರು. "ಒತ್ತಡ ತಡೆಯುವವನಲ್ಲ, ಬೇಡಿ" ಎಂದುಬಿಟ್ಟೆ. ಹತ್ತು ತಿಂಗಳು ಕಣ್ಣಾರೆ ಕಂಡದ್ದನ್ನು ಮೂರು ಗಂಟೆಯ ಕಾಗದದ ಮುಂದೆ ಮರೆತೆ. ಆ ಹುಡುಗ ಬಾಳಿನಲ್ಲಿ ಸೋಲಲಿಲ್ಲ. ಆದರೆ ಅವನಿಗೆ ಇಷ್ಟವಿದ್ದುದನ್ನು ಓದಲಿಲ್ಲ. ಈಚೆಗೊಮ್ಮೆ ಮದುವೆಮನೆಯಲ್ಲಿ ಸಿಕ್ಕಾಗ ಕಾಲು ಮುಟ್ಟಿ ನಮಸ್ಕರಿಸಿದ. ನನಗೆ ಮುಖ ಎತ್ತಲಾಗಲಿಲ್ಲ.

ವಾಲ್ವೆರ್ಡೆ ವಜಾ ಆದ ಮೇಲೆ ಎರಡೂವರೆ ವರ್ಷ ಯಾವ ತಂಡಕ್ಕೂ ಹೋಗಲಿಲ್ಲ. ಛಾಯಾಗ್ರಹಣ ಅವರ ಹಳೆಯ ಹವ್ಯಾಸ, ಹಿಂದೆ ಅದರದೊಂದು ಪುಸ್ತಕವನ್ನೂ ತಂದಿದ್ದರು. ತಮ್ಮನ್ನು ಕಳುಹಿಸಿದವರ ಮೇಲೆ ಊರೂರು ತಿರುಗಿ ಕೆಸರೆರಚಲಿಲ್ಲ. 2022ರಲ್ಲಿ ಮೂರನೆಯ ಸಲ ಅಥ್ಲೆಟಿಕ್‌ಗೆ ಬಂದರು. 2024ರಲ್ಲಿ ರಾಜನ ಕಪ್ಪಿನ ಹಾದಿಯಲ್ಲಿ ಮೊದಲು ಬಾರ್ಸಿಲೋನಾವನ್ನು 4-2ರಿಂದ, ಆಮೇಲೆ ಅಟ್ಲೆಟಿಕೊ ಮ್ಯಾಡ್ರಿಡನ್ನು ಎರಡೂ ಕಡೆ ಸೋಲಿಸಿದರು. ಏಪ್ರಿಲ್ 6ರಂದು ಸೆವಿಯಾ ನಗರದಲ್ಲಿ ಅಂತಿಮ ಪಂದ್ಯ, ಮಯೋರ್ಕಾ ವಿರುದ್ಧ. ಅಥ್ಲೆಟಿಕ್ ಈ ಕಪ್ ಗೆದ್ದು 40 ವರ್ಷಗಳಾಗಿದ್ದವು. ಸ್ಪೇನ್ ದೇಶದ ಗೋಲಿಯಾದ ಉನಾಯ್ ಸಿಮೋನ್ ಇವರದೇ ತಂಡದಲ್ಲಿದ್ದ. ಅಂಥ ಪಂದ್ಯಕ್ಕೆ ಅವನನ್ನೇ ನಿಲ್ಲಿಸುವುದು ಲೋಕರೂಢಿ. ವಾಲ್ವೆರ್ಡೆ ಹಾಗೆ ಮಾಡಲಿಲ್ಲ. ಆ ಕಪ್ಪಿನ ಹಾದಿಯಲ್ಲಿ ಗೋಲು ಕಾದು ಬಂದಿದ್ದ ಹುಡುಗ ಅಗಿರ್ರೆಜಬಾಲಾನನ್ನೇ ನಿಲ್ಲಿಸಿದರು. ಪಂದ್ಯ 1-1 ಆಗಿ ಪೆನಾಲ್ಟಿಗೆ ಹೋಯಿತು. 1988, 2007, ಈಗ ಮತ್ತೆ! ಇಲ್ಲಿ ನಾನು ಮೊಮ್ಮಗನ ಕೈ ಹಿಡಿದುಕೊಂಡು ಕುಳಿತಿದ್ದೆ. ಅಗಿರ್ರೆಜಬಾಲಾ ಒಂದು ಒದೆತವನ್ನು ತಡೆದ, ಇನ್ನೊಂದನ್ನು ಎದುರಾಳಿಯೇ ಹೊರಗೊದ್ದ. 4-2.

ಆ ಊರಿನಲ್ಲಿ ಕಪ್ ಗೆದ್ದರೆ ಗಬಾರಾ ಎಂಬ ಹಳೆಯ ಸರಕು ದೋಣಿಯಲ್ಲಿ ತಂಡವನ್ನು ನದಿಯ ಮೇಲೆ ಮೆರೆಸುವುದು ವಾಡಿಕೆ. 1984ರ ತರುವಾಯ ಕಪ್ಪಿನ ಸಲುವಾಗಿ ಆ ದೋಣಿ ಹೊರಟಿರಲಿಲ್ಲ. ಏಪ್ರಿಲ್ 11ರಂದು ಹೊರಟಿತು. ಎರಡೂ ದಡಗಳಲ್ಲಿ ಲಕ್ಷಾಂತರ ಜನ, ನಮ್ಮಲ್ಲಿ ತೇರಿನ ದಿನ ಸೇರುವಂತೆ.

ಮರುವರ್ಷ ಲೀಗಿನಲ್ಲಿ ನಾಲ್ಕನೆಯ ಸ್ಥಾನ ಗಳಿಸಿ ಚಾಂಪಿಯನ್ಸ್ ಲೀಗಿಗೂ ಅರ್ಹತೆ ಪಡೆದರು. ಅದೇ ವರ್ಷ ಯೂರೋಪಾ ಲೀಗ್ ಉಪಾಂತ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೈಯಲ್ಲಿ ಎರಡೂ ಪಂದ್ಯಗಳನ್ನು ಹೀನಾಯವಾಗಿ ಸೋತರು. ಇದನ್ನು ಓದಿದ ಕೂಡಲೇ ನನ್ನ ಶಿಷ್ಯ ಅಷ್ಟನ್ನೇ ಎತ್ತಿಹಿಡಿದು, "ನೋಡಿದಿರಾ ಸಾರ್?" ಎಂದು ಪತ್ರ ಬರೆಯುತ್ತಾನೆಂಬುದನ್ನು ಬಲ್ಲೆ. ಬರೆಯಲಿ, ಪ್ರಕಟಿಸುತ್ತೇನೆ. ಆದರೆ ಲಿಸ್ಬನ್ನಿನ ಎಂಟು ಗೋಲುಗಳಿಗೆ ಯಾರು ಹೊಣೆ ಎಂಬುದನ್ನೂ ಅದೇ ಪತ್ರದಲ್ಲಿ, ಗುಂಡಗಿನ ಅಕ್ಷರದಲ್ಲಿ, ಕಾರಣಸಹಿತ ವಿವರಿಸತಕ್ಕದ್ದು.